ನೀರು ಕುಡಿಯದ ನೆಲ

ಮುರುಗೆಪ್ಪ ಬಿದಿರು ಕಡ್ಡಿಯೊಂದಕ್ಕೆ ಚಾಕುವಿನಿಂದ ಗೀರು ಹಾಕಿ ಒಂದನೆಯ ಅಂಗಳದ ನಡುವೆ ನೆಟ್ಟಿದ್ದ. ಬೆಳಗ್ಗೆ ಆರಕ್ಕೆ ನೀರು ಮೂರನೆಯ ಗೀರಿನಲ್ಲಿತ್ತು. ಎಂಟಕ್ಕೆ ಬಂದು ನೋಡಿದಾಗಲೂ ಮೂರನೆಯ ಗೀರಿನಲ್ಲೇ ಇತ್ತು. ಹತ್ತಕ್ಕೆ ಕೊಡೆ ಹಿಡಿದುಕೊಂಡು ಮತ್ತೆ ಬಂದ. ಮಳೆ ನಿಂತು ನಾಲ್ಕು ತಾಸಾಗಿತ್ತು. ಕೊಡೆ ಯಾಕೆ ಬಿಚ್ಚಿದೆನೆಂದು ಅವನಿಗೇ ತಿಳಿಯಲಿಲ್ಲ. ನೀರು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಅದು ಸಾವಿರದ ಒಂಬೈನೂರ ಮೂವತ್ತನಾಲ್ಕರ ಆಷಾಢ. ಪುಣೆಯಿಂದ ಯಾತ್ರಿಕರ ಪಾಲಕಿ ಸಾಸವಡದ ಕಡೆ ಹೊರಟ ದಿನ ಹಿಡಿದ ಮಳೆ ಒಂದು ವಾರ ಬಿಟ್ಟಿರಲಿಲ್ಲ. ಮುಠಾ ಕಾಲುವೆಯ ದಂಡೆಯ ಮೇಲೆ ವಕೀಲರೂ ಡಾಕ್ಟರರೂ ಸೇರಿ ಕಟ್ಟಿಕೊಂಡಿದ್ದ ಟೆನಿಸ್ ಕ್ಲಬ್ಬಿನಲ್ಲಿ ಹುಲ್ಲಿನ ಅಂಗಳಗಳು ಮೂರು. ಮೂರೂ ಈಗ ಮೂರು ಕೆರೆಗಳಾಗಿ ಮೋಡವನ್ನು ತೋರಿಸುತ್ತ ಬಿದ್ದಿದ್ದವು. ಇಪ್ಪತ್ತೆರಡು ಮಳೆಗಾಲ ಕಂಡ ಅಂಗಳಗಳು ಅವು. ಎಂಥ ಜಡಿಮಳೆ ಬಂದರೂ ಒಂದು ತಾಸಿನಲ್ಲಿ ನೀರು ಕುಡಿದು, ಮೈ ಒದರಿಕೊಂಡ ಹಸುವಿನ ಹಾಗೆ ಹಸಿರಾಗಿ ನಿಲ್ಲುತ್ತಿದ್ದವು.

ಆ ಹುಲ್ಲನ್ನು ಬೇರು ಬೇರಾಗಿ ನೆಟ್ಟವನು ಮುರುಗೆಪ್ಪ. ಬೈಲಹೊಂಗಲದ ಕಡೆಯಿಂದ ಹದಿನೆಂಟರ ಹರೆಯದಲ್ಲಿ ಕಳೆ ಕೀಳುವ ಒಂದು ಖುರ್ಪಿ ಹಿಡಿದು ಬಂದಿದ್ದ. ಮರಾಠಿಯವರು ಹರಿಯಾಳಿ ಅನ್ನುವ ಕರಿಕೆಯನ್ನು ಹೊಲದ ಬದುಗಳಿಂದ ಕಿತ್ತು ತಂದು, ಮೊಣಕಾಲೂರಿ, ಗೇಣಿಗೊಂದರಂತೆ ಊರಿದ್ದ. ಈಗ ಅವನಿಗೆ ನಲವತ್ತು. ಕ್ಲಬ್ಬಿನ ಹಿಂದಿನ ಹೆಂಚಿನ ಕೋಣೆಯೇ ಅವನ ಮನೆ. ಹೆಂಡತಿ ಅದರ ಮುಂದೆ ತುಳಸಿಯನ್ನೂ ಮೆಣಸಿನ ಗಿಡವನ್ನೂ ಬೆಳೆಸಿದ್ದಳು.

ನೆಲ ಯಾಕೆ ನೀರು ಕುಡಿಯುತ್ತಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದದ್ದನ್ನು ನಾಲಿಗೆಗೆ ಬರಗೊಟ್ಟಿರಲಿಲ್ಲ, ಅಷ್ಟೇ.

ಹಿಂದಿನ ಕಾರ್ತಿಕದಲ್ಲಿ ಕ್ಲಬ್ಬಿನ ಕಾರ್ಯದರ್ಶಿ ದಿಗಂಬರರಾಯರು ಸೊಲ್ಲಾಪುರದಿಂದ ಬಂದ ಮುನ್ಸೀಫರೊಬ್ಬರ ಜೊತೆ ಆಡುತ್ತಿದ್ದರು. ಎರೆಹುಳದ ಹಿಕ್ಕೆಯ ಒಂದು ಗುಪ್ಪೆಗೆ ಚೆಂಡು ತಗಲಿ ಪಕ್ಕಕ್ಕೆ ಹಾರಿತು. ರಾಯರು ಸೋತರು. ಅವರು ಧಾರವಾಡದವರು, ಪುಣೆಯಲ್ಲಿ ಹೆಸರಾದ ವಕೀಲರು. ಕೋರ್ಟಿನಲ್ಲಿ ಸೋತರೆ ನಗುತ್ತಿದ್ದರು, ಇಲ್ಲಿ ನಗಲಿಲ್ಲ.

"ಮುರುಗ್ಯಾ, ದಿನಾ ಬೆಳಿಗ್ಗೆ ಒಬ್ಬ ಹೆಣ್ಮಗಳು ಕಸಬರಿಗಿ ಹಿಡದು ಬಳೀತಾಳ, ಆದರೂ ಹೊತ್ತೇರೂದರಾಗ ಮತ್ತ ಗುಪ್ಪಿ ಎಬ್ಬಿಸಿರ್ತಾವ. ಈ ಹುಳದ ಕಾಟಕ್ಕ ಏನೂ ಔಷಧನ ಇಲ್ಲೇನೋ?"

ರಾಯರು ಇಡೀ ಕ್ಲಬ್ಬಿನಲ್ಲಿ ಕನ್ನಡ ಮಾತಾಡುತ್ತಿದ್ದುದು ಅವನೊಬ್ಬನ ಜೊತೆ. ಆ ಮಾತು ಕಿವಿಗೆ ಬಿದ್ದರೆ ಮುರುಗೆಪ್ಪನ ಬೆನ್ನು ನೆಟ್ಟಗಾಗುತ್ತಿತ್ತು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಅವನ ಊರ ಹೊಳೆಯ ಮಡುವಿನಲ್ಲಿ ಅಂಬಿಗರು ಹಿಪ್ಪೆಕಾಯಿಯ ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ಕದಡುತ್ತಿದ್ದರು. ಮೀನು ಮತ್ತೇರಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಐತ್ರಿ ರಾಯರ," ಅಂದ. "ಹಿಪ್ಪಿ ಹಿಂಡಿ. ಪುಡಿ ಮಾಡಿ ಹರವಿ ನೀರು ಬಿಟ್ಟರ ಒಂದೂ ಉಳ್ಯಾಂಗಿಲ್ಲ."

ಒಂದೂ ಉಳಿಯಲಿಲ್ಲ. ನೀರು ಬಿಟ್ಟು ಅರ್ಧ ತಾಸಿಗೆ ನೆಲ ಕುದಿಯತೊಡಗಿದ ಹಾಗಾಯಿತು. ಹುಲ್ಲಿನ ಬುಡಬುಡದಿಂದ ಹುಳುಗಳು ಹೊರಬಂದವು. ದಾರದಂಥವು, ಬೆರಳಿನಂಥವು, ಯಾವ ಮನುಷ್ಯನೂ ಕಂಡಿರದ ಆಳದಿಂದ ಎದ್ದ ಗೇಣುದ್ದದ ಮುದಿಹುಳುಗಳು. ಒಂದರ ಮೇಲೊಂದು ಹೊರಳಿ, ಸೆಟೆದು, ಸುಮ್ಮನಾದವು. ದಿನವೂ ಅಂಗಳ ಗುಡಿಸುವ ಕೃಷ್ಣಾಬಾಯಿ ಕಸಬರಿಗೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಅಥಣಿಯ ಕಡೆಯವಳು, ಗಂಡನಿಲ್ಲದವಳು, ವಯಸ್ಸಿನಲ್ಲಿ ಅವನಿಗಿಂತ ಹಿರಿಯಳು.

"ಎಷ್ಟೊಂದು ಅದಾವೋ ಯಪ್ಪಾ," ಅಂದಳು. "ಇಷ್ಟು ಮಂದಿ ಕೆಳಗ ಏನ್ ಮಾಡತಿದ್ರು?"

"ಏನ್ ಮಾಡತಾವ? ತಿಂತಾವ, ಹೇಲತಾವ."

ಸುತ್ತಲಿದ್ದ ಆಳುಗಳು ನಕ್ಕರು. ಕೃಷ್ಣಾಬಾಯಿ ನಗಲಿಲ್ಲ. ಹನ್ನೊಂದು ಬುಟ್ಟಿ ತುಂಬಿದವು. ಎಲ್ಲವನ್ನೂ ಕಾಲುವೆಗೆ ಸುರಿದರು. ಕಾಗೆ, ಗೊರವಂಕಗಳಿಗೆ ಎರಡು ದಿನ ಹಬ್ಬ. ಮೂರನೆಯ ದಿನದಿಂದ ಹಕ್ಕಿಗಳು ಆ ಹುಲ್ಲಿಗೆ ಇಳಿಯುವುದನ್ನೇ ಬಿಟ್ಟವು.

ಮೋಸವೆಂದರೆ, ಆ ಚಳಿಗಾಲ ಹುಲ್ಲು ಹಿಂದೆಂದೂ ಇಲ್ಲದಷ್ಟು ಹಸಿರಾಯಿತು. ಹಿಂಡಿಯೇ ಗೊಬ್ಬರವಾಗಿ ಹಿಡಿದಿತ್ತು. ರಾಯರು ಖುಷಿಯಾಗಿ ತಮ್ಮ ಉಣ್ಣೆಯ ಕೋಟೊಂದನ್ನು ಮುರುಗೆಪ್ಪನಿಗೆ ಕೊಟ್ಟರು. "ಇನ್ನ ಆ ಗುಡಿಸೂ ಬಾಯಿಗೆ ಬರಬ್ಯಾಡ ಅಂತ ಹೇಳು. ಹಿಕ್ಕಿನ ಇಲ್ಲಂದಮ್ಯಾಲೆ ಕಸಬರಿಗಿ ಯಾಕ ಬೇಕು?" ಆ ಮಾತನ್ನು ಮುರುಗೆಪ್ಪನೇ ಹೋಗಿ ಹೇಳಿದ. ಎಂಟು ವರ್ಷ ಗುಡಿಸಿದ ಕಸಬರಿಗೆಯನ್ನು ಕೃಷ್ಣಾಬಾಯಿ ಗೋಡೆಗೆ ಆನಿಸಿ, ಸೆರಗು ಕೊಡವಿ ನಡೆದಳು. ಅವಳು ಒಂದು ಮಾತು ಬೈದಿದ್ದರೂ ಅವನಿಗೆ ಹಗುರಾಗುತ್ತಿತ್ತು.

ಬೇಸಿಗೆಯಲ್ಲಿ ಮೊದಲ ಸುಳಿವು ಸಿಕ್ಕಿತು. ಕತ್ತರಿಸಿ ಬಿದ್ದ ಹುಲ್ಲು ಮುಂಚೆ ನಾಲ್ಕು ದಿನದಲ್ಲಿ ಮಣ್ಣಿನೊಳಗೆ ಎಲ್ಲಿಗೋ ಮಾಯವಾಗುತ್ತಿತ್ತು. ಈಗ ಬಿದ್ದಲ್ಲೇ ಬಿದ್ದು, ಒಣಗಿ, ಒತ್ತಿ, ಹಳೆಯ ಗೋಣಿಯ ಹಾಗೆ ಹಾಸಿಕೊಂಡಿತು. ಕಾಲಿನಡಿಯ ನೆಲ ಬಡಿದರೆ ಹಲಗೆಯ ಸದ್ದು. ಜ್ಯೇಷ್ಠದ ಮೊದಲ ಮಳೆ ಬಂದ ಸಂಜೆ ಊರಿಗೂರೇ ಮಣ್ಣಿನ ವಾಸನೆಯಲ್ಲಿ ಮಿಂದಾಗ ಮುರುಗೆಪ್ಪ ಅಂಗಳದ ನಡುವೆ ಕೂತು ಹಿಡಿ ಮಣ್ಣನ್ನು ಮೂಗಿಗೆ ಹಿಡಿದ. ಹುಳಿ ನಾತ. ಅದು ಮಳೆ ಬಿದ್ದ ನೆಲದ ಉಸಿರಲ್ಲ, ಮುಚ್ಚಿಟ್ಟ ಗಡಿಗೆಯದು.

ಈಗ ರಾಯರು ಪಂಚೆಯ ಚುಂಗು ಹಿಡಿದು ನೀರಿನ ಅಂಚಿನಲ್ಲಿ ನಿಂತಿದ್ದರು. ಜೊತೆಗೆ ಕ್ಲಬ್ಬಿನ ಇನ್ನೊಬ್ಬ ಸದಸ್ಯ, ಲೋಕೋಪಯೋಗಿ ಇಲಾಖೆಯಿಂದ ನಿವೃತ್ತನಾದ ಇಂಜಿನಿಯರ್ ಮಧುಕರ. ಮರಾಠಿಯವನಾದರೂ ಹುಬ್ಬಳ್ಳಿಯಲ್ಲಿ ಹತ್ತು ವರ್ಷ ಕಳೆದವನು, ಕನ್ನಡ ಬರುತ್ತಿತ್ತು.

"ಏನಾಗೇದೋ ಇದಕ್ಕ?" ರಾಯರು ಕೇಳಿದರು.

"ಕಾಲುವಿ ನೀರು ಸವುಳಾಗೇತ್ರಿ ರಾಯರ," ಅಂದ ಮುರುಗೆಪ್ಪ. ಸುಳ್ಳು ಸಲೀಸಾಗಿ ಬಂತು. "ಅದಕ್ಕ ನೆಲಾ ಬಿಗದೈತಿ."

"ಕಾಲುವಿ ಆಚಿಗಿನ ಕಬ್ಬು ಮಾತ್ರ ಆಳೆತ್ತರ ನಿಂತದ," ಅಂದ ಮಧುಕರ. "ರಾಯರ, ನಾ ಎರಡು ವರ್ಷದಿಂದ ಹೇಳ್ಲಿಕ್ಕತ್ತೀನಿ. ಕೆಂಪು ಗರಸು, ಮುರುಮ ಹಾಕಿ, ಕಲ್ಲಿನ ರೂಳು ಹೊಡಸಿ ಗಟ್ಟಿ ಮಾಡಸ್ರಿ. ಹುಲ್ಲೂ ಬ್ಯಾಡ, ಮಾಲೀನೂ ಬ್ಯಾಡ."

ರಾಯರು ಬೆತ್ತದಿಂದ ನೀರಿನ ಆಳ ಅಳೆದರು. ಕೊನೆಗೆ, "ದಸರಾತನಕ ನೋಡೋಣು," ಅಂದರು. "ಅಷ್ಟರಾಗ ಸುಧಾರಿಸಿದರ ಹುಲ್ಲು. ಇಲ್ಲಾಂದರ ಮುರುಮ. ಕೋಣಿನೂ ಬಿಡಬೇಕಾಗ್ತದಪ್ಪ ಮುರುಗ್ಯಾ, ಮುರುಮ ಹಾಸಿದ ಮ್ಯಾಲೆ ಮಾಲಿಗೆ ಏನ ಕೆಲಸ?"

ಹುಳು ಹೋದದ್ದಕ್ಕೆ ಹುಳು ತರಬೇಕು. ಅಷ್ಟು ಅವನಿಗೆ ಹೊಳೆದಿತ್ತು. ಮರುದಿನವೇ ಊರಾಚೆಯ ಗೋಶಾಲೆಗೆ ಹೋದ. ಹಳೆಯ ಸಗಣಿಯ ರಾಶಿ ಕೆದರಿದರೆ ಕೆಂಪು ಹುಳುಗಳು ಗೊಂಚಲು ಗೊಂಚಲಾಗಿದ್ದವು. ಎರಡು ಡಬ್ಬಿ ತುಂಬಿಕೊಂಡ. ಅಲ್ಲೇ ಕೃಷ್ಣಾಬಾಯಿ ಕುಳ್ಳು ತಟ್ಟುತ್ತಿದ್ದಳು. ಕಂಡೂ ಕಾಣದವಳ ಹಾಗೆ ತಟ್ಟುತ್ತಲೇ ಇದ್ದಳು. ಅವನೂ ಮಾತಾಡಿಸಲಿಲ್ಲ.

ಹುಳುಗಳನ್ನು ಹುಲ್ಲಿಗೆ ಬಿಟ್ಟ. ನಾಲ್ಕನೆಯ ದಿನ ಎಲ್ಲ ಸತ್ತು ಬಿಳಿಚಿ ನೀರಿನ ಮೇಲೆ ತೇಲುತ್ತಿದ್ದವು. ಅವನು ಅವನ್ನು ಒಂದೊಂದಾಗಿ ಆರಿಸಿದ. ಮಡುವಿನ ಮೀನು ನೆನಪಾಗಿ ಊಟ ಸೇರಲಿಲ್ಲ.

ಮತ್ತೆ ಗೋಶಾಲೆಗೆ ಹೋದಾಗ ಕೃಷ್ಣಾಬಾಯಿಯೇ ತಲೆ ಎತ್ತಿದಳು.

"ಯಾಕ್ರೀ ಮಾಲಿಸಾಹೇಬ್ರ, ಸತ್ತೂ ಏನು?"

"ನಿನಗೆಂಗ ಗೊತ್ತು?"

"ಸಗಣ್ಯಾಗಿನ ಹುಳಾ ಸಗಣ್ಯಾಗ ಬಾಳತಾವ. ನೆಲದ ಹುಳಾನ ಬ್ಯಾರೆ. ಇವು ಕೆಂಪು, ಅವು ಬೂದಿ ಬಣ್ಣ. ಎಂಟು ವರ್ಷ ಅವುಗಳ ಹಿಕ್ಕಿ ಬಳದೀನಿ ನಾ, ಅಷ್ಟು ತಿಳಿದಿಲ್ಲೇನು?"

"ಅವತ್ತ ಹೇಳಬೇಕಾಗಿತ್ತು ನೀ!"

"ನೀ ಕೇಳಿದ್ಯೇನು?"

ಮುರುಗೆಪ್ಪ ಸಗಣಿಯ ರಾಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. "ಅಕ್ಕಾ," ಅಂದ. ಎಂಟು ವರ್ಷದಲ್ಲಿ ಅವಳನ್ನು ಹಾಗೆ ಕರೆದದ್ದು ಅದೇ ಮೊದಲು. "ದಸರಾಕ್ಕ ಮುರುಮ ಹಾಕತಾರಂತ. ಅವತ್ತ ನೀ ಕೇಳಿದಿ ನೋಡು, ಇಷ್ಟು ಮಂದಿ ಕೆಳಗ ಏನ್ ಮಾಡತಿದ್ರು ಅಂತ. ನೀರಿಗೆ ದಾರಿ ಮಾಡತಿದ್ರು. ಗಾಳಿಗೆ ದಾರಿ ಮಾಡತಿದ್ರು. ಬಿದ್ದ ಹುಲ್ಲು ತಿಂದು ಬೇರಿಗೆ ಉಣ್ಣಸತಿದ್ರು. ನಾ ಎಲ್ಲಾರನೂ ಕೊಂದು ಕಾಲುವಿಗೆ ಚೆಲ್ಲಿದೆ."

ಅವಳು ಕೈಗಂಟಿದ ಸಗಣಿಯನ್ನು ಬೆರಳಿನಿಂದ ಬೆರಳಿಗೆ ಉಜ್ಜಿ ತೆಗೆದಳು. ಆತುರವಿರಲಿಲ್ಲ.

"ಹುಳಾ ಎಲ್ಲಿ ಅದಾವ ಅಂತ ನಾ ತೋರಸ್ತೇನಿ. ಆದರ ಒಂದು ಕೇಳು. ಹುಳಾ ಬಂದರ ಹಿಕ್ಕಿ ಬರ್ತಾವ. ಹಿಕ್ಕಿ ಕಂಡರ ನಿನ್ನ ರಾಯರು ಮತ್ತ ಹಿಂಡಿ ತರ್ಸತಾರ. ಅವರ ಮುಂದ ಖರೇ ಹೇಳಾವ್ರು ಯಾರು?"

"ನಾ ಹೇಳ್ತೇನಿ."

"ಹಿಂಡಿ ಹಾಕೂ ಮಾತು ನಂದು, ತಪ್ಪು ನಂದು ಅಂತ?"

ರಾಯರ ಕೋಟು ಮೈಮೇಲೆ ಒದ್ದೆಯಾಗಿ ಭಾರವಾಗಿತ್ತು. "ಹೂಂ," ಅಂದ. ಆ ಹೂಂ ಅವನಿಗೇ ಗಟ್ಟಿಯಾಗಿ ಕೇಳಲಿಲ್ಲ.

ಅವಳು ಅವನನ್ನು ದೂರವೇನೂ ಕರೆದೊಯ್ಯಲಿಲ್ಲ. ಕ್ಲಬ್ಬಿಗೇ ಕರೆತಂದಳು. ಮೂರನೆಯ ಅಂಗಳದ ಹಿಂದೆ, ತಂತಿಬೇಲಿಯ ಆಚೆ ಮೂಲೆಯಲ್ಲಿ ಒಂದು ಹೊಂಗೆಮರವಿತ್ತು. ಎಂಟು ವರ್ಷ ಪ್ರತಿ ಬೆಳಿಗ್ಗೆ ಅವಳು ಬಳಿದ ಹಿಕ್ಕೆ, ಜೊತೆಗೆ ಬಂದ ಮಣ್ಣು, ಹುಲ್ಲಿನ ಚೂರು, ಒಮ್ಮೊಮ್ಮೆ ಬುಟ್ಟಿಗೆ ಬಿದ್ದ ಹುಳು, ಎಲ್ಲವನ್ನೂ ಚೆಲ್ಲುತ್ತಿದ್ದುದು ಅದರ ಬುಡದಲ್ಲಿ. ಹಿಂಡಿ ಅಲ್ಲಿಗೆ ತಲುಪಿರಲಿಲ್ಲ. ಮುರುಗೆಪ್ಪ ಆ ಮೂಲೆಯನ್ನು ಕಸದ ಜಾಗವೆಂದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತುಳಿದಿರಲಿಲ್ಲ.

ಸಲಿಕೆ ಊರಿದ. ಒತ್ತಲೇಬೇಕಾಗಲಿಲ್ಲ, ತಾನೇ ಇಳಿಯಿತು. ಎತ್ತಿದ ಹೆಂಟೆ ಕೈಯಲ್ಲಿ ರವೆಯುಂಡೆಯ ಹಾಗೆ ಬಿರಿಯಿತು. ಒಳಗೆ ಬೂದುಬಣ್ಣದ ಹುಳುಗಳು ಮಾತ್ರವಲ್ಲ. ಕೊಳೆತ ಎಲೆಯ ಮೇಲೆ ಹತ್ತಿಯ ಎಳೆಯಂಥ ಬಿಳಿಯ ಬೂಜು, ಎಳ್ಳಿಗಿಂತ ಸಣ್ಣದಾಗಿ ಚಿಮ್ಮುವ ಬಿಳಿ ಜೀವಗಳು, ಸುತ್ತಿಕೊಂಡ ಸಹಸ್ರಪದಿ, ತತ್ತಿ ಹೊತ್ತು ಓಡುವ ಇರುವೆ, ಸಾಸಿವೆ ಕಾಳಿನಂಥ ಹಳದಿ ತತ್ತಿಗಳು. ಒಂದು ಹಿಡಿಯಲ್ಲಿ ಒಂದು ಪೇಟೆ. ಮೂಗಿಗೆ ಹಿಡಿದ. ಮಳೆಯ ವಾಸನೆ ಇಲ್ಲಿತ್ತು.

"ಹುಳಾ ಆರಿಸಬ್ಯಾಡ," ಅಂದಳು ಕೃಷ್ಣಾಬಾಯಿ. "ಮನೀ ಸಮೇತ ಒಯ್ಯಿ."

ಮೂರು ಅಂಗಳಕ್ಕೆ ಸಾಲುವಷ್ಟು ಮಣ್ಣು ಅಲ್ಲಿರಲಿಲ್ಲ. ಮೂರನೆಯದಕ್ಕೆ ಮಾತ್ರ ಅಂದುಕೊಂಡರು. ಮೊದಲು ಬದಿಯಲ್ಲಿ ಸಣ್ಣ ಹರಿಗಾಲುವೆ ತೋಡಿ ನಿಂತ ನೀರು ಹರಿಯಬಿಟ್ಟ. ಗೋಣಿಯಂಥ ಹಳೆಯ ಹುಲ್ಲನ್ನು ಕೆರೆದು ತೆಗೆದ. ಹೆಜ್ಜೆಗೊಂದು ಗುಂಡಿ, ಗೇಣಾಳ. ಗುಂಡಿಗೊಂದು ಹೆಂಟೆ, ಅದರ ಮೇಲೆ ಕೊಳೆತ ಎಲೆ. ಕೃಷ್ಣಾಬಾಯಿ ಗೋಶಾಲೆಯ ಕೆಲಸ ಮುಗಿಸಿ ಮಧ್ಯಾಹ್ನ ಬಂದು ಬುಟ್ಟಿ ಹೊರುತ್ತಿದ್ದಳು. ಹನ್ನೆರಡು ದಿನಕ್ಕೆ ಅಂಗಳ ಸಿಡುಬು ಎದ್ದ ಮುಖದ ಹಾಗಾಯಿತು.

ಆಮೇಲೆ ಕಾಯುವುದು. ಕಾಯುವುದೇ ಕಷ್ಟ. ಬೆಳಕು ಹರಿಯುತ್ತಲೇ ಮುರುಗೆಪ್ಪ ಮೊಣಕಾಲೂರಿ ಹುಲ್ಲನ್ನು ಬೆರಳಿನಿಂದ ಬೇರ್ಪಡಿಸಿ ಹುಡುಕುತ್ತಿದ್ದ. ಇಪ್ಪತ್ತೆರಡು ವರ್ಷ ಯಾವುದನ್ನು ಕಂಡರೆ ಬೈಯುತ್ತಿದ್ದನೋ ಆ ಹಿಕ್ಕೆಯ ಒಂದು ಗುಪ್ಪೆಗಾಗಿ. ಶ್ರಾವಣ ಕಳೆಯಿತು, ಒಂದೂ ಇಲ್ಲ. ಮಧುಕರ ತನ್ನ ಪಾಡಿಗೆ ತಯಾರಿ ನಡೆಸಿದ್ದ. ಗಾಡಿಗಾಡಿಯಾಗಿ ಮುರುಮ ಬಂದು ಗೇಟಿನ ಬಳಿ ಬೀಳುತ್ತಿತ್ತು. ಆ ಕೆಂಪು ಗುಡ್ಡೆ ಎದೆಯೆತ್ತರವಾಯಿತು, ತಲೆಯೆತ್ತರವಾಯಿತು. ಹೆಂಡತಿ ಕೇಳದೆಯೇ ಪಾತ್ರೆಗಳನ್ನು ಒಂದು ಚೀಲಕ್ಕೆ ತುಂಬಿ ಮೂಲೆಯಲ್ಲಿಟ್ಟಳು.

ಗಣೇಶ ಚವತಿಯ ಮುಂಜಾನೆ ಒಂದು ಗುಂಡಿಯ ಅಂಚಿನಾಚೆ, ನಾಲ್ಕು ಬೆರಳು ದೂರದಲ್ಲಿ, ಜಿಲೇಬಿಯ ಸುರುಳಿಯಷ್ಟು ಸಣ್ಣ ಹಸಿ ಮಣ್ಣಿನ ಗುಪ್ಪೆ. ಗುಂಡಿಯೊಳಗಲ್ಲ, ಆಚೆ. ಹುಳು ತನ್ನ ಮನೆ ದಾಟಿ ಸತ್ತ ನೆಲಕ್ಕೆ ಕಾಲಿಟ್ಟಿತ್ತು. ಮುರುಗೆಪ್ಪ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿ, ಅದಕ್ಕೆ ಕೈಮುಗಿದ.

ದಸರೆಗೆ ಐದು ದಿನವಿರುವಾಗ ಮಧ್ಯಾಹ್ನ ಮಳೆ ಸುರಿಯಿತು. ಎರಡು ತಾಸು, ಕೊಡದಿಂದ ಹೊಯ್ದ ಹಾಗೆ. ಮಳೆ ನಿಲ್ಲುವುದಕ್ಕೂ ರಾಯರ ಟಾಂಗಾ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಜೊತೆಗೆ ಮಧುಕರ, ಕಮಿಟಿಯ ಇನ್ನಿಬ್ಬರು. ವರಾಂಡದಲ್ಲಿ ಚಹಾ ಕುಡಿದರು. ಮುರುಗೆಪ್ಪ ಅಂಗಳದ ಅಂಚಿನಲ್ಲಿ ಸಲಿಕೆ ಹಿಡಿದು ನಿಂತಿದ್ದ. ಬೇಲಿಯ ಆಚೆ ಹೊಂಗೆಮರದಡಿ ಕೃಷ್ಣಾಬಾಯಿ. ಮೂರೂ ಅಂಗಳ ಒಂದೇ ಸಮ ನೀರು.

ಕಪ್ಪುಗಳು ಬಸಿಯ ಮೇಲೆ ಕೂರುವ ಸದ್ದು ಕೇಳಿಸಿತು. ಅವನು ನೋಡುತ್ತಿದ್ದ ಹಾಗೆ ಮೂರನೆಯ ಅಂಗಳದ ನೀರಿನಲ್ಲಿ ಒಂದು ಹುಲ್ಲಿನ ತುದಿ ಮೂಡಿತು. ಮತ್ತೊಂದು. ಗುಂಡಿಗಳಿದ್ದಲ್ಲೆಲ್ಲ ಹಸಿರು ಬೊಟ್ಟುಗಳು ಎದ್ದು, ಅಗಲವಾಗಿ, ಒಂದಕ್ಕೊಂದು ಕೈಚಾಚಿದವು. ಕಮಿಟಿಯವರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಮೂರನೆಯದರಲ್ಲಿ ಉಳಿದದ್ದು ಹಾಸಿಗೆಯಗಲದ ಎರಡು ಹೊಂಡ ಮಾತ್ರ. ಮೊದಲೆರಡು ಅಂಗಳಗಳು ತುಂಬಿದ ತಾಟಿನ ಹಾಗೇ ಇದ್ದವು.

ಮಧುಕರ ಬೂಟಿನ ತುದಿಯಿಂದ ಏನನ್ನೋ ಒತ್ತಿದ. "ರಾಯರ, ಇಲ್ಲಿ ನೋಡ್ರಿ. ಗಾಂಡೂಳ, ಎರಿಹುಳಾ! ಅಂಗಳದ ತುಂಬ ಮತ್ತ ಅದ ಹೊಲಸು."

ರಾಯರು ಬಗ್ಗಿ ನೋಡಿದರು. ಮುಖ ಗಂಟಾಯಿತು. "ಏನಿದು ಮುರುಗ್ಯಾ? ಕೊಂದ ಹುಳಾ ಎಲ್ಲಿಂದ ಬಂದೂ?"

ಕಾಲುವೆ ನೀರಿನ ಜೊತೆ ಬಂದವು ಅನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಆಗಿತ್ತು. ಬೇಲಿಯಾಚೆ ಕೃಷ್ಣಾಬಾಯಿ ಕದಲದೆ ನಿಂತಿದ್ದಳು. ಕಾಲುವೆ ಎಂದರೆ ರಾಯರು ನಂಬುತ್ತಾರೆ. ನಂಬಿ, ನಾಳೆಯೇ ಹಿಂಡಿ ತರಿಸುತ್ತಾರೆ.

ಮುರುಗೆಪ್ಪ ಒಂದನೆಯ ಅಂಗಳದ ನೀರಿಗಿಳಿದು ಸಲಿಕೆಯ ಮೇಲೆ ಎರಡೂ ಕಾಲಿಟ್ಟು ನಿಂತ. ಒಂದು ಚಪ್ಪಡಿ ಕಿತ್ತು ತಂದು ಅವರ ಮುಂದಿಟ್ಟ. ನಸುಬೂದಿ ಬಣ್ಣದ ಗಟ್ಟಿ ಮಣ್ಣು, ಬೇರು ಎರಡು ಬೆರಳು ಇಳಿದು ನಿಂತಿತ್ತು, ಹುಳಿ ನಾತ. ಆಮೇಲೆ ಮೂರನೆಯದರಿಂದ ಒಂದು ಹೆಂಟೆ ತಂದು ಪಕ್ಕದಲ್ಲಿಟ್ಟ. ಅದು ಇಡುತ್ತಲೇ ಬಿರಿಯಿತು. ಗೇಣುದ್ದ ಬೇರು, ಬೇರಿನ ನಡುವೆ ಪೆನ್ಸಿಲು ಹೋಗುವಷ್ಟು ತೂತುಗಳು. ಒಂದು ಹುಳು ಬೆಳಕಿಗೆ ಹೆದರಿ ಒಳಸರಿಯಿತು.

"ಈ ತೂತು ಇವು ಕೊರದಿದ್ದು, ರಾಯರ," ಅಂದ. "ನೀರು ಇಳಿಯೂದು ಇದರಾಗ. ಹುಳಾ ಕೊಂದಾಗ ನಾ ನೆಲದ ಗಂಟಲಾ ಕಟ್ಟಿದೆ. ಕಾಲುವಿ ನೀರು ಸವುಳಲ್ರೀ. ಅದು ಸುಳ್ಳು. ಹಿಪ್ಪಿ ಹಿಂಡಿ ಹಾಕೂಣು ಅಂತ ಅಂದಾವ ನಾನು. ಮೂರು ತಿಂಗಳು ನಿಮ್ಮ ಮುಂದ ಮುಚ್ಚಿಟ್ಟಾವನೂ ನಾನು."

ಮಧುಕರ ನಗತೊಡಗಿದ.

"ಅಲ್ರೀ ರಾಯರ, ಹಿಂಡಿ ಯುಕ್ತಿ ನಿಮ್ಮದು ಅಂದಿದ್ರಲ್ಲ? ವಾರ್ಷಿಕ ಸಭಾದಾಗ ನಾವೆಲ್ಲ ಚಪ್ಪಾಳಿ ತಟ್ಟಿದ್ವಿ!"

ಮುರುಗೆಪ್ಪನಿಗೆ ಅದು ತಿಳಿದಿರಲಿಲ್ಲ. ತಲೆಯೆತ್ತಿ ರಾಯರನ್ನು ನೋಡಿದ, ನೋಡಬಾರದಿತ್ತು ಅನ್ನಿಸಿತು. ಅವರ ಕಿವಿಗಳು ಕೆಂಪಾಗಿದ್ದವು. ಅವರು ಬೆತ್ತವನ್ನು ಮೂರನೆಯ ಅಂಗಳದ ಹುಲ್ಲಿಗೆ ಊರಿದರು. ಅದು ನಾಲ್ಕು ಬೆರಳು ಇಳಿಯಿತು. ಎಳೆದು ತೆಗೆದು, ತುದಿಗಂಟಿದ ಮಣ್ಣನ್ನು ನೋಡಿದರು. ಆಮೇಲೆ ಮಧುಕರನ ಕಡೆ ತಿರುಗಿ ಮರಾಠಿಯಲ್ಲಿ, "ಹೇ ಏಕ ಅಂಗಣ ರಾಹೂ ದ್ಯಾ," ಅಂದರು. ಇದೊಂದು ಇರಲಿ. ಉಳಿದೆರಡಕ್ಕೆ ಮುರುಮ. ಗುಡಿಸುವ ಬಾಯಿಯನ್ನು ಮತ್ತೆ ಕರೆಸಬೇಕೆಂದೂ ಮಧುಕರನಿಗೇ ಹೇಳಿದರು, ಮುರುಗೆಪ್ಪ ಅಲ್ಲಿ ಇಲ್ಲವೇ ಇಲ್ಲವೆಂಬಂತೆ.

ಟಾಂಗಾ ಹೋಯಿತು. ಮುರುಗೆಪ್ಪ ಕೋಣೆಗೆ ಹೋಗಿ ಚೀಲದಿಂದ ಪಾತ್ರೆಗಳನ್ನು ತೆಗೆದು ಹಲಗೆಯ ಮೇಲೆ ಸಾಲಾಗಿ ಇಟ್ಟ. ಅಲ್ಲಿಂದಾಚೆಗೆ ದಿಗಂಬರರಾಯರು ಅವನೊಡನೆ ಕನ್ನಡ ಮಾತಾಡಲಿಲ್ಲ. ಹುಲ್ಲು ಕತ್ತರಿಸು, ಬಲೆ ಕಟ್ಟು, ನೀರು ಬಿಡು, ಎಲ್ಲ ಮರಾಠಿಯಲ್ಲಿ. ಅವರಿಬ್ಬರೂ ಬದುಕಿರುವವರೆಗೂ ಹಾಗೇ.

ದಸರೆ ಕಳೆದ ಮರುದಿನ ಬೆಳಿಗ್ಗೆ ಕೃಷ್ಣಾಬಾಯಿ ಬಂದಳು. ಗೋಡೆಗಾನಿಸಿದ್ದ ಕಸಬರಿಗೆ ಅಲ್ಲೇ ಇತ್ತು, ಕಡ್ಡಿ ಸಡಿಲವಾಗಿದ್ದವು. ಅದನ್ನು ನೆಲಕ್ಕೆ ಕುಟ್ಟಿ ಬಿಗಿ ಮಾಡಿಕೊಂಡಳು. ಗೇಟಿನ ಕಡೆ ರೂಳು ಎಳೆಯುವ ಎತ್ತುಗಳ ಗಂಟೆ. ಮೊದಲೆರಡು ಅಂಗಳಗಳ ಮೇಲೆ ಮುರುಮ ಬೀಳುತ್ತಿತ್ತು. ಮುರುಗೆಪ್ಪ ಆ ಕಡೆ ಬೆನ್ನು ಮಾಡಿ ನಿಂತಿದ್ದ.

"ರಾಯರು ಮಾತಾಡಿದ್ರೇನು?" ಕೇಳಿದಳು.

"ಇಲ್ಲ."

"ಮಾತಾಡತಾರ ಬಿಡು."

"ಇಲ್ಲಕ್ಕಾ."

ಅವಳು ಸೆರಗು ಸಿಕ್ಕಿಸಿ ಗುಡಿಸತೊಡಗಿದಳು; ಹಗುರವಾಗಿ, ಹುಲ್ಲಿನ ತುದಿಗೆ ಮಾತ್ರ ತಾಗುವ ಹಾಗೆ. ಗುಪ್ಪೆಗಳು ಒಡೆದು ನುಣ್ಣಗಿನ ಮಣ್ಣಾಗಿ ಬುಟ್ಟಿಗೆ ಬಂದವು. ಬುಟ್ಟಿ ತುಂಬಿದಾಗ ಸೊಂಟಕ್ಕಿಟ್ಟು ನಿಂತಳು.

"ಎಲ್ಲಿ ಚೆಲ್ಲಲಿ ಮಾಲಿಸಾಹೇಬ್ರ?"

ಮುರುಗೆಪ್ಪ ಬುಟ್ಟಿಯನ್ನು ಅವಳ ಕೈಯಿಂದ ಇಸಿದುಕೊಂಡ. ಹೊಂಗೆಮರದ ಬುಡದಲ್ಲಿ ಅವರಿಬ್ಬರೂ ಅಗೆದು ತೆಗೆದ ಜಾಗ ಬೋಳಾಗಿ, ತಗ್ಗಾಗಿ, ಗಾಯದ ಹಾಗೆ ಬಿದ್ದಿತ್ತು. ಅಲ್ಲಿ ಕೂತು ಮಣ್ಣನ್ನು ಸುರಿದ. ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಕೊಡವದೆ, ಬೊಗಸೆಯಲ್ಲಿ ತೆಗೆದು ನಿಧಾನವಾಗಿ ಕೆಳಗಿಟ್ಟ.